ಜೋಡಿಪಟ್ಟಿ

ಸಂಜೆಯ ಕಥೆ ಮುಗಿದು ಪೆಟ್ಟಿಗೆ ಕುಂಯ್ ಎನ್ನುವುದೇ ತಡ, ಬಸಲಿಂಗವ್ವ ಕನ್ನಡಕ ಏರಿಸಿಕೊಂಡು ಅದರೆದುರು ಬಗ್ಗಿ ನಿಲ್ಲುತ್ತಿದ್ದಳು. ಅಂಕಿ ಮೂಡಿದೊಡನೆ ಸೀರೆಯ ನೆರಿಗೆ ಹಿಡಿದು ಬಾಗಿಲಿಗೆ ಓಡಿ, ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

"ಅರವತ್ತೆರಡ ಬಿತ್ತವಾ! ನಿನ್ನಿಗಿಂತ ಹೆಚ್ಚಿಗಿ ಐತಿ!"

ಎದುರು ಮನೆಯ ಹಾಜರಾಬಿ ಒಲೆಯ ಮುಂದಿನಿಂದಲೇ, "ಇನ್ನೇನ್, ಎದ್ದ ಕೂಡ್ತಾನ ಬಿಡ ಯವ್ವಾ ನಿನ್ನ ಮಗಾ," ಎನ್ನುತ್ತಿದ್ದಳು. ಬೆಟಗೇರಿಯ ಆ ಓಣಿಯಲ್ಲಿ ಕ್ರಿಕೆಟ್ಟಿನ ಸ್ಕೋರು ವಿಚಾರಿಸುವವರಿಗಿಂತ ಶಿವಯೋಗಿಯ ಅಂಕಿ ವಿಚಾರಿಸುವವರೇ ಹೆಚ್ಚಾಗಿದ್ದರು. ಹಾಲಿನವನು ಕೂಡ ಪಾತ್ರೆಗೆ ಹಾಲು ಸುರಿಯುವ ಮೊದಲು, "ಎಷ್ಟ್ ಬಿತ್ರಿ ನಿನ್ನಿ?" ಎಂದು ಕೇಳಿಯೇ ಸುರಿಯುತ್ತಿದ್ದ.

ಶಿವಯೋಗಿ ಎಂದರೆ ಮೈಕ್ ಸೆಟ್ಟಿನ ಶಿವಯೋಗಿ. ಗದಗ-ಬೆಟಗೇರಿಯಲ್ಲಿ ಅವನ ಸ್ಪೀಕರ್ ಕೂಗದೆ ಮದುವೆಯಾಗಲಿ ಜಯಂತಿಯಾಗಲಿ ನಡೆದದ್ದು ಕಡಿಮೆ. ಒಂದು ಕಲ್ಯಾಣ ಮಂಟಪದ ಮುಂದೆ ಸ್ಪೀಕರ್ ಕಟ್ಟಲು ನಿಚ್ಚಣಿಕೆ ಏರಿದವನು ಜಾರಿ, ಸಿಮೆಂಟಿನ ಮೆಟ್ಟಿಲಿಗೆ ತಲೆ ಕೊಟ್ಟು ಬಿದ್ದ. ಜೀವ ಉಳಿಯಿತು. ವಾರಗಳ ಮೇಲೆ ಕಣ್ಣೂ ಬಿಟ್ಟ. ಆದರೆ ಆ ಕಣ್ಣಿನ ಹಿಂದೆ ನೋಡುವವನು ಇದ್ದಾನೋ ಇಲ್ಲವೋ ಎಂಬುದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಹೆಂಡತಿ ಕಸ್ತೂರಿ ಅವನ ಮುಖಕ್ಕೆ ಮುಖ ತಂದು ಎಷ್ಟು ಸಲ ಕರೆದಳೋ! ಅವನ ನೋಟ ಅವಳನ್ನು ದಾಟಿ ಗೋಡೆಗೆ ಹೋಗುತ್ತಿತ್ತು.

ಇಂಥವರಿಗಾಗಿಯೇ ಬಂದದ್ದು ಜೋಡಿಪಟ್ಟಿ. ಅದರ ಲೆಕ್ಕಾಚಾರ ಕೇಳಿದರೆ ಇಷ್ಟೇ. ಇಬ್ಬರು ಒಂದೇ ಕಥೆಯನ್ನು ಮನಸ್ಸಿಟ್ಟು ಕೇಳಿದರೆ ಇಬ್ಬರ ಮಿದುಳಿನ ಅಲೆಗಳೂ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಬೀಳುತ್ತವೆ. ಕಳ್ಳ ಬಂದಾಗ ಇಬ್ಬರಿಗೂ ಎದೆ ಝಲ್ಲೆನ್ನುತ್ತದೆ, ಸಿಕ್ಕಿಬಿದ್ದಾಗ ಇಬ್ಬರಿಗೂ ಹಗುರ. ಹಾಗಾಗಿ ರೋಗಿಯ ತಲೆಗೊಂದು ಪಟ್ಟಿ, ಅವನ ಕೂಡ ಬಾಳಿದ ಒಬ್ಬರ ತಲೆಗೊಂದು ಪಟ್ಟಿ, ಇಬ್ಬರ ಕಿವಿಗೂ ಪೆಟ್ಟಿಗೆಯಿಂದ ಕೋಣೆಗೆಲ್ಲ ಕೇಳುವ ಒಂದೇ ಕಥೆ. ಅಲೆಗಳು ಎಷ್ಟು ಹೊಂದಿದವೋ ಅಷ್ಟು ಅಂಕಿ. ಅಷ್ಟರಮಟ್ಟಿಗೆ ಆ ಮನುಷ್ಯ ಒಳಗಿದ್ದಾನೆ ಎಂದು ಅರ್ಥ. ಪಟ್ಟಿ ಇನ್ನೂ ಒಂದು ಕೆಲಸ ಮಾಡುತ್ತಿತ್ತು. ಎರಡು ಅಲೆಗಳಲ್ಲಿ ಯಾವುದು ಸ್ಥಿರವೋ ಅದರ ಕಡೆಗೆ ಇನ್ನೊಂದನ್ನು ಸಣ್ಣಗೆ ಕರೆಂಟು ಕೊಟ್ಟು ಎಳೆಯುತ್ತಿತ್ತು. ಪಳಗಿದ ಎತ್ತಿನ ಜೊತೆ ಹೊಸ ಹೋರಿಯನ್ನು ಹೂಡುವುದಿಲ್ಲವೇ, ಹಾಗೆ. ಪಳಗಿದ ಎತ್ತು ಯಾವಾಗಲೂ ಆರೋಗ್ಯವಂತರದೇ ಎಂದು ಅದನ್ನು ಮಾಡಿದವರು ನಂಬಿದ್ದರು.

ಹುಬ್ಬಳ್ಳಿಯ ಮಿದುಳು ಆಸ್ಪತ್ರೆಯವರು ಪಟ್ಟಿಯನ್ನು ಮನೆಗೇ ಕೊಟ್ಟು ಕಳಿಸುತ್ತಿದ್ದರು. ಅಂಕಿ ನಲವತ್ತರ ಮೇಲಿದ್ದರೆ ಕಡತದಲ್ಲಿ 'ಇದ್ದಾರೆ' ಎಂದು ಬರೆಯುತ್ತಿದ್ದರು; ಕೈಕಾಲು ಆಡಿಸುವವನು, ನರ್ಸು, ಔಷಧಿ ಎಲ್ಲ ವಾರಕ್ಕೊಂದು ಸಲ ಮನೆಗೇ ಬರುತ್ತಿತ್ತು. ಕೆಳಗೆ ಹೋದರೆ 'ಕಂಡುಬಂದಿಲ್ಲ' ಎಂದು ಬರೆದು ಪಟ್ಟಿ ಬಿಚ್ಚಿ, ಸರದಿಯಲ್ಲಿ ಕಾಯುತ್ತಿದ್ದ ಇನ್ನೊಂದು ಮನೆಗೆ ಕೊಡುತ್ತಿದ್ದರು. ಬಸಲಿಂಗವ್ವನಿಗೆ ಆ ಎರಡು ಮಾತಿನ ಅರ್ಥ ನೆಟ್ಟಗೆ ತಿಳಿದಿತ್ತು. ಒಂದೆಂದರೆ ಮಗ ಬದುಕಿದ್ದಾನೆ. ಇನ್ನೊಂದೆಂದರೆ ಸತ್ತ. ಪಟ್ಟಿ ತಾನೇ ಕಟ್ಟಿಕೊಳ್ಳುತ್ತೇನೆ ಎಂದು ಅವಳು ಹಟ ಹಿಡಿದಿದ್ದಳು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ ಕರೆಂಟಿನ ಪಟ್ಟಿ ಕೂಡದು ಎಂದರು. ಮಕ್ಕಳಿರಲಿಲ್ಲ. ಉಳಿದವಳು ಕಸ್ತೂರಿಯೊಬ್ಬಳೇ.

ಕಸ್ತೂರಿ ತಪಾಸಣೆಗೆಂದು ಗಂಡನನ್ನೂ ಪೆಟ್ಟಿಗೆಯನ್ನೂ ಹುಬ್ಬಳ್ಳಿಗೆ ತಂದ ದಿನ, ಗಾಲಿಮಂಚದ ಮೇಲೆ ಮಲಗಿದ್ದ ಶಿವಯೋಗಿಯ ಪಕ್ಕದಲ್ಲೇ ಡಾಕ್ಟರ್ ಊರ್ಮಿಳಾ ಕಟ್ಟಿ ಪೆಟ್ಟಿಗೆಯನ್ನು ತಮ್ಮ ಕಂಪ್ಯೂಟರಿಗೆ ಜೋಡಿಸುತ್ತ ನಕ್ಕರು. ಆಸ್ಪತ್ರೆಗೆ ದಿನಾಲೂ ಅಂಕಿ ಮಾತ್ರ ಹೋಗುತ್ತಿತ್ತು. ಅಲೆಗಳ ಗೆರೆ ಪೆಟ್ಟಿಗೆಯೊಳಗೇ ಇದ್ದು, ಹೀಗೆ ತಂದಾಗ ಮಾತ್ರ ತೆರೆದು ನೋಡುವಂಥದು.

"ಕಸ್ತೂರಿಯವರ, ಈ ಸರ್ತಿ ನಿಮ್ಮಷ್ಟು ಅಂಕಿ ಯಾರದ್ದೂ ಇಲ್ಲ ನೋಡ್ರಿ. ಚಲೋ ಕೇಳಸ್ತೀರಿ ಬಿಡ್ರಿ ಅವರಿಗೆ."

ಕಸ್ತೂರಿಗೆ ಸಂಕೋಚವಾಯಿತು. ಹೊಗಳಿಸಿಕೊಂಡು ಎಷ್ಟು ಕಾಲವಾಗಿತ್ತೋ. "ಏನೋರಿ, ನೀವ ಹೇಳಿದಂಗ ಕೂಡ್ತೀನಿ," ಎಂದಳು.

"ಹೌದು, ಆ ಎಮ್ಮಿ ಕಡೀಕ ಸಿಕ್ತೇನ್ರಿ? ನನಗ ಪೂರಾ ಕೇಳಲಿಕ್ಕೆ ಪುರಸೊತ್ತ ಆಗಿಲ್ಲ."

"ಯಾವ ಎಮ್ಮೀರಿ?"

ಡಾಕ್ಟರು ಜೋರಾಗಿ ನಕ್ಕರು. "ಚಂದ್ರವ್ವನ ಎಮ್ಮಿರೀ!"

"ಚಂದ್ರವ್ವ ಅಂದ್ರ ಯಾರ್ರಿ?"

ನಗು ಅಲ್ಲಿಗೇ ನಿಂತಿತು. ಚಂದ್ರವ್ವ ಎಂಬ ಹೆಂಗಸು ಕಳೆದುಹೋದ ಎಮ್ಮೆಯನ್ನು ಹುಡುಕುತ್ತ, ದಿನಕ್ಕೊಂದು ಕಂತಿನಂತೆ, ಊರೂರು ಅಲೆಯುವುದೇ ಆ ಕಥೆ. ಮೊದಲಿಂದ ಕೊನೆತನಕ ಎಮ್ಮೆಯೇ. ದೀಪಾವಳಿಯಿಂದ ದಿನಾ ಸಂಜೆ ಅದನ್ನೇ ಕೇಳುತ್ತ ಕೂತ ಹೆಂಗಸಿಗೆ ಯಾವ ಎಮ್ಮೆ ಎಂಬುದು ಗೊತ್ತಿಲ್ಲ!

"ನಿದ್ದಿ ಮಾಡ್ತೀರೇನು ಆ ಹೊತ್ತಿಗೆ?" ಡಾಕ್ಟರು ಮೆಲ್ಲಗೆ ಕೇಳಿದರು.

"ಇಲ್ರೀ, ದೇವರಾಣಿ! ಕಣ್ಣ ತಕ್ಕೊಂಡ ಕೂತಿರ್ತೀನಿ. ಅತ್ತಿನ್ನ ಬೇಕಾದ್ರ ಕೇಳ್ರಿ."

ಸುಳ್ಳಲ್ಲ ಅದು. ಬೆಳಗ್ಗೆ ಎದ್ದರೆ ಶಿವಯೋಗಿಯ ಬಟ್ಟೆ ಬದಲಿಸಬೇಕು, ಮೈ ಒರೆಸಬೇಕು, ಗಂಟಲಿನ ಕಫ ತೆಗೆಯಬೇಕು, ಮೂಗಿನ ನಳಿಗೆಯಲ್ಲಿ ಗಂಜಿ ಬಿಡಬೇಕು. ಬೆನ್ನು ಹುಣ್ಣಾಗದಂತೆ ಮತ್ತೆ ಮತ್ತೆ ಮಗ್ಗಲು ಹೊರಳಿಸಬೇಕು. ನಡುವೆ ಅತ್ತೆಯ ಔಷಧ, ಅಡಿಗೆ, ಬಟ್ಟೆ, ನೋಡಲು ಬಂದವರಿಗೆ ಚಹಾ. ರಾತ್ರಿಯೂ ಹಾಗೇ. ಅವಳು ಎಲ್ಲಿಯಾದರೂ ಕೂಡುವುದೆಂದರೆ ಕಥೆಯ ಹೊತ್ತಿಗೆ. ಪಟ್ಟಿ ಕಟ್ಟಿಕೊಂಡು ಕೂತಳೆಂದರೆ ಯಾರೂ ಕರೆಯುವಂತಿಲ್ಲ, ಬಸಲಿಂಗವ್ವ ಕೂಡ ತುಟಿಗೆ ಬೆರಳಿಟ್ಟುಕೊಂಡು ಬಾಗಿಲು ಕಾಯುತ್ತಿದ್ದಳು. ಬೆನ್ನು ಕುರ್ಚಿಗೆ ತಾಗಿದ ಗಳಿಗೆಗೆ ಕಸ್ತೂರಿಯ ತಲೆಯಲ್ಲಿ ಎಲ್ಲವೂ ಆರಿಹೋಗುತ್ತಿತ್ತು. ಅಯ್ಯೋ, ಅಂಥ ಸುಖ ಇನ್ನೊಂದಿಲ್ಲ ಎಂದು ಅವಳಿಗೆ ಅನಿಸುತ್ತಿತ್ತು. ಅದು ತಪ್ಪೆಂದು ಯಾರಾದರೂ ಹೇಳಿದ್ದರೇ?

ಡಾಕ್ಟರು ಪರದೆಯ ಮೇಲೆ ಮೊದಲು ಒಂದು ಗೆರೆ ತೋರಿಸಿದರು. ಅದೇ ಕಥೆಯನ್ನು ಮನಸ್ಸಿಟ್ಟು ಕೇಳಿದ ಬೇರೆಯವರದು. ಎಮ್ಮೆ ಕಳೆದಲ್ಲಿ ಏರಿತ್ತು, ದಲ್ಲಾಳಿ ಮೋಸ ಮಾಡಿದಲ್ಲಿ ಇನ್ನೂ ಏರಿತ್ತು. ಅದರ ಕೆಳಗೆ ಇನ್ನೆರಡು ಗೆರೆಗಳು ಬಂದವು. ಎರಡೂ ಚಾಪೆಯ ಹಾಗೆ ಮಲಗಿದ್ದವು.

"ಇದರಾಗ ನಿಮ್ಮದು ಯಾವುದು ಹೇಳ್ರಿ?"

ಕಸ್ತೂರಿ ಬಹಳ ಹೊತ್ತು ನೋಡಿದಳು. "ಗೊತ್ತಾಗವಲ್ದರೀ."

"ಹೆಸರ ನೋಡದ ನನಗೂ ಗೊತ್ತಾಗಂಗಿಲ್ಲ." ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಪ್ಪು ನಿಮ್ಮದಲ್ಲ, ನಮ್ಮದು. ಕೇಳಲಿಕ್ಕೆ ಕೂತವರು ಕೇಳೇ ಕೇಳ್ತಾರ ಅಂತ ತಿಳಕೊಂಡ್ವಿ. ನಿಮ್ಮ ಯಜಮಾನರ ಅಲೆ ಮೇಲೆ ಬಂದಿಲ್ಲ ಕಸ್ತೂರಿಯವರ. ನೀವು ಅಲ್ಲಿಗೆ ಇಳದೀರಿ. ಮಷೀನಿಗೆ ಅವರದು ಸ್ಥಿರ ಕಂಡದ, ಅದಕ್ಕ ನಿಮ್ಮನ್ನ ಅವರ ಕಡೆ ಎಳ್ಯಾಕತ್ತದ."

ಕಸ್ತೂರಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಹೆದರಿಕೆ. ಆದರೆ ಬಾಯಿಂದ ಬಂದದ್ದು ಬೇರೆಯೇ. "ಹಂಗಾರ ಇವರು ಒಳಗ ಇಲ್ಲೇನ್ರಿ?"

"ಅದನ್ನ ಈ ಗೆರಿ ಹೇಳೂದಿಲ್ಲ. ನಿಯಮದ ಪ್ರಕಾರ ಇವತ್ತೇ ನಾನು ಪಟ್ಟಿ ಇಸಕೋಬೇಕು."

ಕಸ್ತೂರಿ ಎದ್ದು ಡಾಕ್ಟರ ಕೈ ಹಿಡಿದೇಬಿಟ್ಟಳು. "ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಮುದುಕಿ ಸಾಯ್ತದರಿ. ನಾ ಖರೇನ ಕೇಳ್ತೀನಿ ಇನ್ನ."

ಡಾಕ್ಟರು ಒಳ್ಳೆಯ ಹೆಂಗಸು. ಒಳ್ಳೆಯವರಾಗಿರುವುದೂ ಒಮ್ಮೊಮ್ಮೆ ಕೇಡಿಗೆ ದಾರಿ. ಮುಂದಿನ ಭೇಟಿಯ ತನಕ ಬಿಡುತ್ತೇನೆ ಎಂದರು. ಮಧ್ಯಾಹ್ನ ಮಲಗಬೇಕು, ಮುಖ ತೊಳೆದುಕೊಂಡು ಕೂಡಬೇಕು, ಎಚ್ಚರದಿಂದ ಕೇಳಬೇಕು. ಅಂಕಿ ಮೊದಲು ಬೀಳುತ್ತದೆ, ಬೀಳಲಿ. ಅವಳು ಗಟ್ಟಿಯಾಗಿ ನಿಂತರೆ ಪಟ್ಟಿ ಅವನನ್ನು ನಿಜವಾಗಿ ಮೇಲೆ ಎಳೆದೀತು. ಆಗದಿದ್ದರೆ ಪಟ್ಟಿ ಕಟ್ಟಲೇಬಾರದು. "ಇಳಿಯೂದು ರೂಢಿ ಆಗ್ತದರಿ," ಎಂದು ಬಾಗಿಲ ತನಕ ಬಂದು ಮತ್ತೆ ಹೇಳಿದರು. "ಆಮ್ಯಾಲೆ ಏರೂದು ಕಷ್ಟ ಆಗ್ತದ."

ಮನೆಗೆ ಬಂದ ಮರುದಿನ ಕಸ್ತೂರಿ ತಣ್ಣೀರಿನಲ್ಲಿ ಮುಖ ತೊಳೆದು, ಖಡಕ್ ಚಹಾ ಕುಡಿದು ಪಟ್ಟಿ ಕಟ್ಟಿಕೊಂಡಳು. ಮೊದಲ ಬಾರಿಗೆ ಚಂದ್ರವ್ವನ ಕಥೆ ಅವಳ ಕಿವಿಗೆ ಬಿತ್ತು. ಎಷ್ಟು ಚೆನ್ನಾಗಿತ್ತು! ದಲ್ಲಾಳಿಯ ಸುಳ್ಳಿಗೆ ಅವಳಿಗೆ ಸಿಟ್ಟು ಬಂತು, ಚಂದ್ರವ್ವನ ಬೈಗುಳಕ್ಕೆ ನಗು ಬಂತು. ನಗುತ್ತ ಗಂಡನ ಕಡೆ ನೋಡಿದಳು. ಶಿವಯೋಗಿ ಗೋಡೆ ನೋಡುತ್ತಿದ್ದ.

ಪೆಟ್ಟಿಗೆ ಕುಂಯ್ ಎಂದಿತು. ಬಸಲಿಂಗವ್ವ ಬಗ್ಗಿ ನೋಡಿ, ಕನ್ನಡಕ ಒರೆಸಿ ಮತ್ತೆ ನೋಡಿದಳು.

"ಒಂಬತ್ತು," ಎಂದಳು. ಅಂದು ಓಣಿಗೆ ಕೂಗು ಹೋಗಲಿಲ್ಲ.

ಮರುದಿನ ಏಳು ಬಿತ್ತು. ಮುದುಕಿ ರೊಟ್ಟಿ ಮುಟ್ಟಲಿಲ್ಲ. ಅದರ ಮರುದಿನ ಇನ್ನೂ ಕಡಿಮೆ. ಹಾಜರಾಬಿ ಬಂದು ಮೂಲೆಯಲ್ಲಿ ಕೂತಳು, ಹಿಂದೆ ಮತ್ತಿಬ್ಬರು ಬಂದು ಕೂತರು. ಸತ್ತವರ ಮನೆಗೆ ಬಂದವರು ಕೂಡುವ ಹಾಗೆಯೇ ಕೂತಿದ್ದರು. ಬಸಲಿಂಗವ್ವ ಮಗನ ಪಾದ ತಿಕ್ಕುತ್ತ, "ಎಲ್ಲಿಗಿ ಹೊಂಟೀಯೋ ನನ್ನಪ್ಪಾ? ಅರವತ್ತೆರಡ ಇದ್ದಾಂವ ಎಲ್ಲಿಗಿ ಹೊಂಟಿ?" ಎಂದು ಅಳುತ್ತಿದ್ದಳು. ಇದ್ದಕ್ಕಿದ್ದಂತೆ ಸೊಸೆಯ ಕಡೆ ತಿರುಗಿ, "ಹುಬ್ಬಳ್ಯಾಗ ಏನ್ ಮಾಡಿ ಬಂದಿ? ಬ್ಯಾಸರಾತೇನು ನಿನಗ ಅವನ ಸೇವಾ ಮಾಡಿ?" ಎಂದಳು.

ಬಂದವರು ಹೋದ ಮೇಲೆ ಕಸ್ತೂರಿ ಅತ್ತೆಯ ಹತ್ತಿರ ಕೂತು ಎಲ್ಲವನ್ನೂ ಹೇಳಿದಳು. ಎಮ್ಮೆ, ಗೆರೆ, ದಣಿವು, ಒಂದನ್ನೂ ಬಿಡಲಿಲ್ಲ. "ಆ ಅಂಕಿ ಅವರದಲ್ಲ ಅತ್ತಿ, ನಂದು. ನಾ ಇಳದಿದ್ದೆ, ಅವರು ಏರಿರಲಿಲ್ಲ."

ಮುದುಕಿ ಎರಡೂ ಕಿವಿ ಮುಚ್ಚಿಕೊಂಡಳು. "ಹಂಗನಬ್ಯಾಡ. ಕೈ ಮುಗೀತೀನಿ ಕಸ್ತೂರಿ, ಹಂಗನಬ್ಯಾಡ. ನನ್ನ ಮಗಾ ಇದ್ದ. ಮೊನ್ನಿ ತನಕಾ ಇದ್ದ."

ಎಪ್ಪತ್ತು ದಾಟಿದ ಜೀವ ಸೊಸೆಗೆ ಕೈ ಮುಗಿದು ಕೂತಿತ್ತು.

ಮರುಸಂಜೆ ಅವಳು ಮುಖ ತೊಳೆಯಲಿಲ್ಲ, ಚಹಾ ಕುಡಿಯಲಿಲ್ಲ. ಕುರ್ಚಿಗೆ ಬೆನ್ನು ಕೊಟ್ಟಳು, ಕೈ ಬಿಟ್ಟಳು. ಐವತ್ತೆಂಟು ಬಿತ್ತು. ಬಸಲಿಂಗವ್ವ ಎರಡು ರೊಟ್ಟಿ ಉಂಡಳು.

ಒಂದು ಸಲ ಮಾಡಿದ ಮೇಲೆ ಎರಡನೆಯದಕ್ಕೆ ಅಂಜಿಕೆ ಇರುವುದಿಲ್ಲ. ಡಾಕ್ಟರು ಹೇಳಿದ ಮಧ್ಯಾಹ್ನದ ನಿದ್ದೆಯನ್ನು ಕಸ್ತೂರಿ ಬೇಕೆಂದೇ ಬಿಟ್ಟಳು. ಸ್ವಚ್ಛವಿದ್ದ ಹಾಸಿಗೆಯನ್ನೂ ಒಗೆದಳು, ತೊಳೆದ ಪಾತ್ರೆಯನ್ನೇ ಮತ್ತೆ ತಿಕ್ಕಿದಳು. ಸಂಜೆಗೆ ಮೈ ನುಗ್ಗಾಗಿರಬೇಕು, ತಲೆ ಖಾಲಿಯಾಗಿರಬೇಕು. ಬೆಳಗ್ಗೆ ರೊಟ್ಟಿ ಬಡಿಯುವಾಗ ಮಾತ್ರ ಅತ್ತೆಯನ್ನು ಮಾತಿಗೆ ಎಳೆಯುತ್ತಿದ್ದಳು. "ನಿನ್ನಿ ಚಂದ್ರವ್ವ ಏನ್ ಮಾಡಿದ್ಲ ಅತ್ತಿ?"

ಬಸಲಿಂಗವ್ವನಿಗೆ ಇದಕ್ಕಿಂತ ಹೆಚ್ಚಿನದು ಬೇಕೇ? "ಆ ದಲ್ಲಾಳಿ ಭಾಡ್ಯಾ ಅದಾನಲ್ಲಾ, ಎಮ್ಮಿ ಕೊಂಬಿಗೆ ಬ್ಯಾರೆ ಬಣ್ಣಾ ಬಳದ ಮಾರಿಬಿಟ್ಟಾನ!" ಎಂದು ಕೈ ತಿರುವಿ ಹೇಳುತ್ತಿದ್ದಳು. ಡಾಕ್ಟರ ಫೋನು ಬಂದಾಗ ಕಸ್ತೂರಿ ಅದನ್ನೇ ಒಪ್ಪಿಸುತ್ತಿದ್ದಳು. ಆ ಕಡೆಯಿಂದ ಊರ್ಮಿಳಾ ಕಟ್ಟಿಯವರ ದನಿ ಖುಷಿಯಿಂದ ಏರುತ್ತಿತ್ತು. "ಹಂಗಾರ ಇದು ಖರೇ ಅಂಕಿ ಕಸ್ತೂರಿಯವರ! ನೀವು ಎಚ್ಚರಿದ್ದೂ ಎಪ್ಪತ್ತು ಅಂದ್ರ ಅವರು ಮೇಲೆ ಬರಾಕತ್ತಾರ!" ಕಸ್ತೂರಿ ಹೂಂ ಎನ್ನುತ್ತಿದ್ದಳು. ಫೋನು ಇಟ್ಟವಳೇ ಮತ್ತೆ ಪಾತ್ರೆ ತಿಕ್ಕಲು ಕೂಡುತ್ತಿದ್ದಳು.

ಆದರೆ ಅತ್ತೆಗಾಗಿಯೇ ಇದೆಲ್ಲ ಎಂದರೆ ಅರ್ಧ ಸುಳ್ಳಾದೀತು. ಕೆಳಗೆ ಅವಳಿಗೂ ಏನೋ ಸಿಕ್ಕಿತ್ತು. ಮೊದಮೊದಲು ಅಲ್ಲಿ ಬರೀ ಕತ್ತಲೆ, ಹಗುರವಾದ ಕತ್ತಲೆ. ದಿನ ಕಳೆದಂತೆ, ಅಲ್ಲಿ ತಾನು ಒಬ್ಬಳೇ ಇಲ್ಲ ಎನಿಸತೊಡಗಿತು. ಮಾತಿಲ್ಲ, ಮುಖವಿಲ್ಲ. ಕರೆಂಟು ಹೋದ ಕೋಣೆಯಲ್ಲಿ ಇನ್ನೊಬ್ಬರು ಕೂತಿದ್ದರೆ ಗೊತ್ತಾಗುತ್ತದಲ್ಲ, ಹಾಗೆ. ಅದು ಪಟ್ಟಿಯ ಕರೆಂಟೋ, ತನ್ನ ಆಸೆಯೋ, ಅವನೋ? ಕೇಳಿ ನೋಡೋಣವೆಂದರೆ ಅಲ್ಲಿ ಕೇಳಲು ಬಾಯಿ ಇರಲಿಲ್ಲ. ಮೇಲೆ ಬಂದ ಮೇಲೆ ಬಾಯಿ ಇರುತ್ತಿತ್ತು, ಆಗ ಅವನು ಇರುತ್ತಿರಲಿಲ್ಲ. ಅವಳಿಗೆ ಹೆದರಿಕೆಯಾಗುತ್ತಿತ್ತು. ಮರುಸಂಜೆ ಯಾವಾಗ ಬಂದೀತು ಎಂದೂ ಆಗುತ್ತಿತ್ತು.

ಹಗಲಲ್ಲೂ ಸಣ್ಣಪುಟ್ಟದ್ದು ತಪ್ಪತೊಡಗಿತು. ಹಾಲು ಉಕ್ಕುವುದು ಕಣ್ಣಿಗೆ ಕಾಣುತ್ತಿತ್ತು, ಕೈ ಏಳುತ್ತಿರಲಿಲ್ಲ. ಹಾಜರಾಬಿ ಎರಡು ಸಲ ಕರೆದ ಮೇಲೆ ಕತ್ತು ತಿರುಗುತ್ತಿತ್ತು. "ಏನವಾ, ನಿಂತಲ್ಲೇ ನಿಂತೀದಿ?" ಎಂದರೆ, "ದಣಿವು," ಎನ್ನುತ್ತಿದ್ದಳು. ಆ ಮನೆಯಲ್ಲಿ ಆ ಮಾತಿಗೆ ಯಾರೂ ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ.

ಹುಬ್ಬಳ್ಳಿಗೆ ಹೋಗುವ ದಿನ ಹತ್ತಿರ ಬಂತು. ಪೆಟ್ಟಿಗೆ ತೆರೆದರೆ ಗೆರೆಗಳು ಎಲ್ಲವನ್ನೂ ಹೇಳಿಬಿಡುತ್ತವೆ ಎಂದು ಕಸ್ತೂರಿಗೆ ಗೊತ್ತಿತ್ತು. ಇದೇ ಕೊನೆಯ ಸಲ, ನಾಳೆ ಎಲ್ಲ ಒಪ್ಪಿಕೊಂಡುಬಿಡುತ್ತೇನೆ, ಪಟ್ಟಿ ಕೊಟ್ಟುಬಿಡುತ್ತೇನೆ ಎಂದು ನಿರ್ಧಾರ ಮಾಡಿಕೊಂಡೇ ಅವಳು ಆ ಸಂಜೆ ಕುರ್ಚಿಯಲ್ಲಿ ಕೂತಳು. ಕೊನೆಯ ಸಲವಾದ್ದರಿಂದ ಪೂರ್ತಿ ಇಳಿದಳು.

ಪೆಟ್ಟಿಗೆ ಕುಂಯ್ ಎಂದಿತು. ಅದು ಅವಳಿಗೆ ಕೇಳಿಸಿತು.

"ತೊಂಬತ್ತಾರು!" ಬಸಲಿಂಗವ್ವ ಕಿರುಚಿದಳು. "ಅಯ್ಯ ನನ್ನಪ್ಪಾ! ತೊಂಬತ್ತಾರ ತಗೊಂಡ್ಯಲ್ಲೋ!"

ಅದೂ ಕೇಳಿಸಿತು. ಡಬ್ಬಿಯಿಂದ ಸಕ್ಕರೆ ಸುರಿದ ಸದ್ದು, ಓಣಿಯಲ್ಲಿ ಬಾಗಿಲು ತೆರೆದ ಸದ್ದು, ಹಾಜರಾಬಿ ಅಳುತ್ತ ನಗುವುದು, ಎಲ್ಲ ಕೇಳಿಸಿತು. ಪಟ್ಟಿ ಬಿಚ್ಚಬೇಕು ಎಂದುಕೊಂಡಳು ಕಸ್ತೂರಿ. ಕೈಗೆ ಹೇಳಿದಳು. ಕೈ ಮಡಿಲಲ್ಲೇ ಇತ್ತು. ಮತ್ತೊಮ್ಮೆ ಹೇಳಿದಳು. ತನ್ನ ಕೈಯನ್ನೇ ದೂರದಿಂದ ನೋಡುತ್ತಿದ್ದಂತೆ ಅದು ಬೇರೆಯವರದೆನಿಸಿತು. ಅತ್ತೀ ಎಂದು ಕೂಗಿದಳು, ಬಾಯಿಂದ ಉಸಿರು ಮಾತ್ರ ಬಂತು.

ಎದುರಿಗೆ ಶಿವಯೋಗಿಯ ಮುಖವಿತ್ತು. ಅವಳ ನೋಟ ಅವನನ್ನು ದಾಟಿ ಗೋಡೆಗೆ ಹೋಗುತ್ತಿತ್ತು, ತಿರುಗಿಸಲು ಆಗುತ್ತಿರಲಿಲ್ಲ. ಆಗ ಅವಳಿಗೆ ತಿಳಿಯಿತು. ಗೆರೆ ಮಲಗಿದರೆ ಒಳಗೆ ಯಾರೂ ಇಲ್ಲವೆಂದಲ್ಲ. ಮಲಗಿದ ಗೆರೆಯ ಕೆಳಗೂ ಎಲ್ಲವೂ ಕೇಳುತ್ತದೆ. ಇಷ್ಟು ದಿನ ಇವರಿಗೂ ಹೀಗೇ ಕೇಳುತ್ತಿತ್ತೇ? ಮುದುಕಿ ಅತ್ತದ್ದು, ಅಂಕಿ ತನ್ನದು ಎಂದು ತಾನು ಹೇಳಿದ್ದು, ಇವರು ಒಳಗ ಇಲ್ಲೇನ್ರಿ ಎಂದು ಪಕ್ಕದಲ್ಲೇ ನಿಂತು ಡಾಕ್ಟರಿಗೆ ಕೇಳಿದ್ದು? ಇದನ್ನು ಹೇಳಬೇಕು, ಈಗಲೇ ಹೇಳಬೇಕು, ಇವರು ಇದ್ದಾರೆ ಎಂದು ಹುಬ್ಬಳ್ಳಿಗೆ ಫೋನು ಮಾಡಿ ಹೇಳಬೇಕು. ಅಷ್ಟು ಜೋರಾಗಿ ಅವಳು ಜನ್ಮದಲ್ಲಿ ಯಾರನ್ನೂ ಕರೆದಿರಲಿಲ್ಲ.

ಬಸಲಿಂಗವ್ವ ಒಳಗೆ ಬಂದಳು. ಮಗನ ತುಟಿಗೆ ನಾಲ್ಕು ಕಾಳು ಸಕ್ಕರೆ ಸವರಿದಳು. ಸೊಸೆಯ ಬಾಯಿಗೂ ಒಂದು ಚಿಟಿಕೆ ಹಾಕಿದಳು. "ನಿನ್ನಿಂದಾನ ಆತು ತಂಗಿ. ಏನೇನೋ ಅಂದೆ, ಮನಸಿಗೆ ಹಚ್ಚಿಕೋಬ್ಯಾಡ." ಸಕ್ಕರೆ ಕಸ್ತೂರಿಯ ತುಟಿಯಂಚಿನಿಂದ ಸೆರಗಿನ ಮೇಲೆ ಉದುರಿತು. ಮುದುಕಿಯ ಕಣ್ಣುಗಳು ತುಂಬಿದ್ದವು, ಕನ್ನಡಕ ಕೈಯಲ್ಲಿತ್ತು. ಅವಳಿಗೆ ಅದು ಕಾಣಲಿಲ್ಲ.

"ದಣದೀಯವಾ. ಏಳಬ್ಯಾಡ, ಕೂಡು. ಇವತ್ತ ಅಡಿಗಿ ನಾ ಮಾಡ್ತೀನಿ," ಎನ್ನುತ್ತ ಅವಳು ಸೊಸೆಯ ತಲೆಯ ಮೇಲಿನ ಪಟ್ಟಿ ಸರಿಯಾಗಿ ಕೂತಿದೆಯೇ ಎಂದು ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಮಗನದನ್ನೂ ಮುಟ್ಟಿ ನೋಡಿದಳು. "ತೊಂಬತ್ತಾರ ಬಂದೈತಿ, ಇನ್ನೊಂದ್ ಸಲ ಕೇಳಿದ್ರ ನೂರ ಆದೀತು."

ಪೆಟ್ಟಿಗೆಯ ಗುಂಡಿ ಒತ್ತಿ, ಬಾಗಿಲು ಸದ್ದಾಗದಂತೆ ಮುಂದೆ ಮಾಡಿಕೊಂಡು, ಬಸಲಿಂಗವ್ವ ಒಲೆ ಹೊತ್ತಿಸಲು ಹೋದಳು. ಚಂದ್ರವ್ವನ ಕಥೆ ಮೊದಲಿಂದ ಶುರುವಾಯಿತು.